ಕೊನೆಯ ನಲವತ್ತು ಬೇಸ್‌ಗಳು

ಆ ಮಧ್ಯಾಹ್ನ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಗದ್ದೆ ಕಪ್ಪೆಗಳು, ಅಂದರೆ ಮಿನರ್ವಾರ್ಯ, ನೋಡೋಕೆ ಎಲ್ಲ ಒಂದೇ ಥರ. ಕ್ಯಾಲಿಪರ್ ಹಿಡಿದು ಅಳೆದರೂ ಬೇರೆ ಮಾಡೋದು ಕಷ್ಟ. 2007ರಲ್ಲಿ ಘಟ್ಟದ ಇಂಥ ಕಪ್ಪೆಗಳಲ್ಲೇ ನಾಲ್ಕು ಹೊಸ ಪ್ರಭೇದಗಳನ್ನು ಗುರುತಿಸಿದ್ದರು. ಒಂದಕ್ಕೆ ಕುದುರೆಮುಖದ್ದೇ ಹೆಸರು. ನನಗೂ ಅಂಥದ್ದೊಂದು ಸಿಗಬೇಕು ಅನ್ನುವ ಆಸೆ ಇತ್ತು.

16ಎಸ್ ಅನ್ನುವ ಜೀನ್‌ನ ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ (ಬೇಸ್‌ಗಳ) ಸಾಲು, ಬಂತು. ಆ ಸಾಲಿರುವ ಫಾಸ್ಟಾ ಫೈಲ್ ನೇರ ಅಲೈನ್‌ಮೆಂಟ್‌ಗೆ ಹಾಕಿ, ಅಂದರೆ ಬೇರೆ ಕಪ್ಪೆಗಳ ಸಾಲುಗಳ ಜೊತೆ ಹೊಂದಿಸಿ, ಯಾರು ಯಾರಿಗೆ ನೆಂಟರು ಅಂತ ತೋರಿಸುವ ಟ್ರೀ ಕಟ್ಟಿದೆ. ನಮ್ಮ 31ನೇ ಸ್ಯಾಂಪಲ್ ಒಂಟಿಯಾಗಿ ಉದ್ದ ಕೊಂಬೆಯ ಮೇಲೆ ಕೂತಿತ್ತು. ಹತ್ತಿರದ ನೆಂಟನಿಂದ ಶೇ. 5 ದೂರ! ಕಪ್ಪೆಗಳಲ್ಲಿ ಶೇ. 3 ದಾಟಿದರೇ ನಾವೆಲ್ಲ ಎದ್ದು ಕೂರುತ್ತೇವೆ. ಹೊಸ ಪ್ರಭೇದ ಅಂತ ಲ್ಯಾಬಿಗೆಲ್ಲ ಹೇಳಿಬಿಟ್ಟೆ.

ಮೇಡಂ ಪಕ್ಕದಲ್ಲಿ ಕೂತು, "ಕ್ರೊಮ್ಯಾಟೊಗ್ರಾಮ್ ತೆಗಿ" ಅಂದರು. ಮಷೀನು ಒಂದೊಂದು ಬೇಸನ್ನೂ ಪೀಕ್ ಆಗಿ ತೋರಿಸುವ ಗ್ರಾಫ್ ಅದು. ನಾನು ಅದನ್ನು ತೆರೆದೇ ನೋಡಿರಲಿಲ್ಲ. ಅವರು ನಿಧಾನಕ್ಕೆ ಸ್ಕ್ರೋಲ್ ಮಾಡಿದರು. ಮೊದಲಿಗೆ ಚೂಪಾದ, ಬಿಡಿ ಬಿಡಿ ಪೀಕ್‌ಗಳು. ನನಗೆ ಧೈರ್ಯ ಬಂತು. ಕೊನೆ ಹತ್ತಿರ ಬಂದಂತೆ ಪೀಕ್‌ಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು; ಅಲ್ಲಿನ ಬೇಸ್‌ಗಳನ್ನು ನಂಬುವಂತಿರಲಿಲ್ಲ. ಅವರು ಏನೂ ಹೇಳಲಿಲ್ಲ. ಕೊನೆಯ ನಲವತ್ತು ಬೇಸ್ ಕತ್ತರಿಸಿ ಮತ್ತೆ ರನ್ ಮಾಡಿದರು. ಆ ಎರಡು ನಿಮಿಷ ನನಗೆ ಉಸಿರೇ ಆಡಲಿಲ್ಲ. ಉಳಿದದ್ದು ಮೂರೇ ಬೇಸ್‌ಗಳ ವ್ಯತ್ಯಾಸ. ಕೊಂಬೆ ಕುಗ್ಗಿ ಪಕ್ಕದ ಕ್ಲೇಡಿನೊಳಗೆ, ಅಂದರೆ ಒಂದೇ ಮೂಲದ ನೆಂಟರ ಗುಂಪಿನೊಳಗೆ, ಸೇರಿಕೊಂಡಿತು.

"ಕೂಗು ರೆಕಾರ್ಡ್ ಮಾಡಿದ್ದೀಯಾ?" ಅಂತ ಕೇಳಿದರು. ಇಲ್ಲ. ಅವತ್ತು ರಾತ್ರಿ ಜೋರು ಮಳೆ, ರೆಕಾರ್ಡರ್ ಜೀಪಿನಲ್ಲೇ ಬಿಟ್ಟಿದ್ದೆ. ಗದ್ದೆ ಅಂಚಿನಲ್ಲಿ ನನ್ನ ಕಾಲಬುಡದಲ್ಲೇ ಅದು ಕೂಗುತ್ತಿತ್ತು. ನೋಟಕ್ಕೆ ಒಂದೇ ಥರ ಇರುವ ಕಪ್ಪೆಗಳು ಎಷ್ಟೋ ಸಲ ಕೂಗಿನಲ್ಲೇ ಬೇರೆ ಅಂತ ಗೊತ್ತಾಗುತ್ತವೆ, ಅಲ್ವಾ? ಅದನ್ನೇ ಬಿಟ್ಟು ಬಂದಿದ್ದೆ.

ಆರು ತಿಂಗಳಿಗೊಮ್ಮೆ ಕಳಿಸುವ ಪ್ರಾಜೆಕ್ಟ್ ವರದಿಯಲ್ಲಿ "ಹೊಸ ಪ್ರಭೇದ ಎಷ್ಟು?" ಅಂತ ಒಂದು ಕಾಲಂ ಇರುತ್ತದೆ. ಎಷ್ಟು ರಾತ್ರಿ ಕೂಗು ಕೇಳಿದಿರಿ ಅಂತ ಯಾರೂ ಕೇಳೋದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ತಪ್ಪು ಹೆಸರು ಒಮ್ಮೆ ಅಚ್ಚಾದರೆ ಅದನ್ನು ಬಿಡಿಸೋಕೆ ಇನ್ನೊಬ್ಬರ ವರ್ಷಗಳು ಹೋಗುತ್ತವೆ. 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ವರ್ಣಿಸಿದ ಕಪ್ಪೆಗಳ ಮೂಲ ಮಾದರಿಗಳು, ಅಂದರೆ ಹೆಸರಿಡುವಾಗ ಆಧಾರವಾಗಿದ್ದ ಕಪ್ಪೆಗಳೇ, ಕಳೆದುಹೋಗಿವೆ. ಆ ಹೆಸರುಗಳು ಯಾವ ಕಪ್ಪೆಯವು ಅಂತ ಹುಡುಕೋಕೆ ಎಷ್ಟು ಜನ ಕಷ್ಟಪಟ್ಟಿದ್ದಾರೆ!

31ರ ಬಾಟಲಿ ಮೇಲೆ ಈಗಲೂ "ಮಿನರ್ವಾರ್ಯ ಎಸ್‌ಪಿ.", ಅಂದರೆ ಯಾವ ಪ್ರಭೇದ ಅಂತ ಇನ್ನೂ ತೀರ್ಮಾನವಾಗಿಲ್ಲ, ಅಂತಲೇ ಇದೆ. ಜೂನ್‌ನಲ್ಲಿ ಅದೇ ಗದ್ದೆಗೆ ಹೋಗುತ್ತಿದ್ದೇನೆ. ರೆಕಾರ್ಡರ್‌ಗೆ ಪ್ಲಾಸ್ಟಿಕ್ ಕವರ್ ಹೊಲಿಸಿಟ್ಟಿದ್ದೇನೆ.