ಮೂರು ವಾರದಿಂದ ತಲೆಯಲ್ಲಿ ಕಾಂಗಾ

ಈ ಕಾಂಗಾ ಆಲ್ಬಂ ಮೊದಲ ಸಲ ಕೇಳಿದಾಗ ಏನೂ ಅನ್ನಿಸಲಿಲ್ಲ. ರಾತ್ರಿ ಪಾತ್ರೆ ತೊಳೆಯುತ್ತಾ ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ದು, ಯಾರೋ ಟಕಟಕ ಬಡಿಯುತ್ತಿದ್ದಾರೆ ಅನ್ನಿಸಿತು ಅಷ್ಟೇ. ಆಮೇಲೆ ಭಾನುವಾರ ಬೆಳಗ್ಗೆ ಹೆಡ್‌ಫೋನ್ ಹಾಕಿಕೊಂಡು ನಮ್ಮ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ನಡೆಯುವಾಗ ಅದರ ತಳದ ದನಿ ಕೇಳಿಸಿತು. ಮನೆಗೆ ಹೋಗಬೇಕಾದವನು ಸುಮ್ನೆ ಇನ್ನೊಂದು ಸಲ ಆ ತುದಿಗೆ ನಡೆದೆ.

ಆಲ್ಬಂ 1995ರದ್ದು. ಪೊಂಚೊ ಸಾಂಚೆಜ್ ಅವರ ‘ಸೋಲ್ ಸಾಸ್: ಮೆಮೊರೀಸ್ ಆಫ್ ಕ್ಯಾಲ್ ಚೇಡರ್’, ಅಂದರೆ ಕ್ಯಾಲ್ ಚೇಡರ್ ಅನ್ನೋರ ನೆನಪುಗಳು. ಸಾಂಚೆಜ್ ಕಾಂಗಾ ನುಡಿಸುವವರು. ಪೀಪಾಯಿಯಂಥ ಎತ್ತರದ ಕ್ಯೂಬಾ ವಾದ್ಯ ಅದು, ಒಂದೇ ಕಡೆ ಚರ್ಮ, ಕೋಲಿಲ್ಲ, ಬರಿಗೈ. ಈಗ ಬೋಲ್ಟ್ ತಿರುವಿ ಶ್ರುತಿ ಮಾಡುತ್ತಾರೆ, ಮೊದಲು ಚರ್ಮವನ್ನು ಮೊಳೆ ಹೊಡೆದು ಕೂರಿಸಿ ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದರಂತೆ. ಇದನ್ನು ಓದಿದಾಗ ನನಗೆ ದುಗ್ಗಮ್ಮನ ಜಾತ್ರೆಯಲ್ಲಿ ಪೇಪರ್ ಉರಿಸಿ ಹಲಗೆ ಕಾಯಿಸುವವರೇ ಕಣ್ಣಿಗೆ ಬಂದರು. ಕಾಯಿಸಿದ ಮೇಲೆ ಬೆರಳಲ್ಲಿ ಒಂದು ಸಲ ಟಣ್ ಅನ್ನಿಸಿ ನೋಡ್ತಾರಲ್ಲ, ಅದು.

ಚೇಡರ್ ನುಡಿಸುತ್ತಿದ್ದದ್ದು ವೈಬ್ರಫೋನ್. ಲೋಹದ ಪಟ್ಟಿಗಳು, ಕೆಳಗೆ ಕೊಳವೆಗಳು, ಕೊಳವೆಯ ಬಾಯಲ್ಲಿ ಮೋಟರ್‌ಗೆ ತಿರುಗುವ ಬಿಲ್ಲೆಗಳು. ದನಿ ಅಲುಗುವುದು ಆ ಬಿಲ್ಲೆಗಳಿಂದ. ತಮಾಷೆ ಏನು ಗೊತ್ತಾ, ಲ್ಯಾಟಿನ್ ಜಾಝ್‌ನಲ್ಲಿ, ಅಂದರೆ ಕ್ಯೂಬಾ ಕಡೆಯ ತಾಳ ಬೆರೆಸಿದ ಜಾಝ್‌ನಲ್ಲಿ, ಇಷ್ಟು ಹೆಸರು ಮಾಡಿದವರು ಲ್ಯಾಟಿನ್ ಮನೆಯವರೇ ಅಲ್ಲ, ಸ್ವೀಡನ್ ಮೂಲದ ಅಮೆರಿಕನ್. ಸಾಂಚೆಜ್ ಟೆಕ್ಸಾಸ್‌ನಲ್ಲಿ ಹುಟ್ಟಿ ಲಾಸ್ ಏಂಜಲೀಸ್ ಕಡೆ ಬೆಳೆದ ಮೆಕ್ಸಿಕನ್ ಮನೆಯ ಹುಡುಗ, ಹನ್ನೊಂದು ಮಕ್ಕಳಲ್ಲಿ ಕೊನೆಯವರು. 1975ರಲ್ಲಿ ಚೇಡರ್ ಬ್ಯಾಂಡ್ ಸೇರಿದರು. 1982ರ ಮೇ 5ರಂದು, ಪ್ರವಾಸದಲ್ಲಿದ್ದಾಗ, ಮನಿಲಾದಲ್ಲಿ ಚೇಡರ್ ತೀರಿಕೊಂಡರು. ಅಲ್ಲಿವರೆಗೂ ಸಾಂಚೆಜ್ ಅದೇ ಬ್ಯಾಂಡ್‌ನಲ್ಲಿ.

ನಾನು ತಬಲಾ ಕಲಿತವನು, ಅದೂ ಅರ್ಧಂಬರ್ಧ. ಹಾಗಾಗಿ ಮೊದಲು ಹುಡುಕಿದ್ದು ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿದೆ ಅಂತ. ಸಿಗಲೇ ಇಲ್ಲ! ಕಾಂಗಾದ ಮಾಮೂಲಿ ನಡೆಯಲ್ಲಿ ನಾಲ್ಕನೇ ಮಾತ್ರೆಗೆ ಎರಡು ಬಿಚ್ಚು ಪೆಟ್ಟು ಬೀಳುತ್ತವೆ, ಧುಂ ಧುಂ ಅಂತ. ನಾವು ಜೋರಾಗಿ ಕೈ ಹಾಕುವ ಒಂದನೇ ಮಾತ್ರೆಯಲ್ಲಿ ಬರೀ ಅಂಗೈ ಒರಗಿಸಿದ ಸಣ್ಣ ಸದ್ದು. ಬೇಸ್ ನುಡಿಸುವವನೂ ಅಲ್ಲಿಗೆ ಮುಂಚೆಯೇ ಬಂದು ಕೂತಿರುತ್ತಾನೆ. ಎರಡು ದಿನ ನನ್ನ ಕಾಲು ತಪ್ಪು ಜಾಗದಲ್ಲೇ ತಾಳ ಹಾಕಿತು.

ಆಲ್ಬಂಗೆ ಹೆಸರು ಕೊಟ್ಟ ಹಾಡು ಚೇಡರ್ ಕಟ್ಟಿದ್ದೂ ಅಲ್ಲ. ಚಾನೊ ಪೋಜೊ ಅನ್ನೋ ಕ್ಯೂಬಾದ ಕಾಂಗಾ ವಾದಕರು, ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಜೊತೆ ಸೇರಿ 1940ರ ದಶಕದಲ್ಲಿ ಮಾಡಿದ್ದು, ಆಗ ಅದರ ಹೆಸರು ‘ಗ್ವಾರಾಚಿ ಗ್ವಾರೊ’. ಚೇಡರ್ 1964ರಲ್ಲಿ ಅದನ್ನು ರೆಕಾರ್ಡ್ ಮಾಡಿ ‘ಸೋಲ್ ಸಾಸ್’ ಅಂತ ಕರೆದರು. ಅಂದರೆ ಒಬ್ಬ ಕಾಂಗಾದವರಿಂದ ಹೊರಟು ಸುಮಾರು ಐವತ್ತು ವರ್ಷದ ಮೇಲೆ ಇನ್ನೊಬ್ಬ ಕಾಂಗಾದವರ ಕೈಗೆ ಬಂತು.

ನಮ್ಮೂರಲ್ಲಿ ‘ನೆನಪಿನ ಸಂಜೆ’ ಅಂತ ಬ್ಯಾನರ್ ಕಟ್ಟಿ ಹಳೇ ಗಾಯಕರ ಗಂಟಲನ್ನೇ ನಕಲು ಮಾಡುತ್ತಾರೆ, ನನಗದು ಹಿಡಿಸಲ್ಲ. ಇಲ್ಲಿ ಸಾಂಚೆಜ್ ತಮ್ಮ ಆಲ್ಬಂ ಆದರೂ ವೈಬ್ರಫೋನ್‌ಗೆ ಬೇರೆಯವರನ್ನು ಕರೆಸಿ, ಅದಕ್ಕೆ ಮುಂದೆ ಜಾಗ ಬಿಟ್ಟು, ತಾವು ಪಕ್ಕದಲ್ಲಿ ನಡೆ ಹಿಡಿದಿದ್ದಾರೆ. ಏಳು ವರ್ಷ ಮಾಡಿದ ಕೆಲಸವನ್ನೇ ಮತ್ತೆ ಮಾಡಿದ್ದಾರೆ.

ಇದು ನನಗೆ ಹಿಡಿದದ್ದಕ್ಕೆ ನಮ್ಮ ಮೇಷ್ಟ್ರು ಕಾರಣ. ಅವರು ವಯಸ್ಸಿನಲ್ಲಿದ್ದಾಗ ನಾಟಕ ಕಂಪನಿಯಲ್ಲಿ ತಬಲಾ ನುಡಿಸಿದವರು. ಕಂಪನಿಯ ಹಾರ್ಮೋನಿಯಂ ಮಾಸ್ತರು ಕ್ಯಾಂಪ್‌ನಲ್ಲೇ ತೀರಿಕೊಂಡರಂತೆ. ಪಾಠದ ಮನೆಯಲ್ಲಿ ಹಾರ್ಮೋನಿಯಂ ಇರಲೇ ಇಲ್ಲ, ಆದರೂ ಮೇಷ್ಟ್ರು ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡುವಾಗ ಯಾವಾಗಲೂ ಕರಿ ಎರಡಕ್ಕೇ, ಅಂದರೆ ಹಾರ್ಮೋನಿಯಂನ ಎರಡನೇ ಕರಿ ಮನೆಯ ಸ್ವರಕ್ಕೇ. ಯಾಕೆ ಅಂತ ಕೇಳಿದರೆ ‘ಮಾಸ್ತರದ್ದು ಅದೇ ಶ್ರುತಿ’ ಅನ್ನೋರು. ಅಷ್ಟು ಹೇಳಿ ತಬಲಾದ ಮುಂದಿನ ಪಾಠ ಶುರು.

ಮೊನ್ನೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಹೋಗಿ ಅವರ ಕಿವಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮೂರನೇ ಸುತ್ತಿಗೇ ಅವರ ಬೆರಳು ತೊಡೆ ಮೇಲೆ ಸರಿಯಾಗಿ ಆ ನಾಲ್ಕನೇ ಮಾತ್ರೆಗೆ ಬಿತ್ತು, ನನಗೆ ಎರಡು ದಿನ ಹಿಡಿದದ್ದು! ಚೇಡರ್ ಕಥೆ ಹೇಳಿದೆ, ಮನಿಲಾ ವಿಷಯಾನೂ ಹೇಳಿದೆ. ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

‘ಇವ್ರು ಮಾಸ್ತರ ಎಡಕ್ಕೆ ಕುಂದ್ರತಿದ್ರೋ, ಬಲಕ್ಕೋ?’

ಫೋಟೋ ಹುಡುಕ್ತೀನಿ ಮೇಷ್ಟ್ರೇ ಅಂದೆ. ಇವತ್ತೂ ಅದನ್ನೇ ಹುಡುಕುತ್ತಾ ಕೂತಿದ್ದೇನೆ.