ಕಣ್ಣಿರುವ ತುಂಡು

ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಹಾಸನದ ಒಂದು ಕಾಲೇಜಿಗೆ ಬಿ.ಎ.ಗೆ ಸೇರಿದವಳು ನಾನು. ಶಾಂತಿಗ್ರಾಮದ ಕಡೆಯ ಹಳ್ಳಿಯಿಂದ ದಿನಾ ಬಸ್ಸಲ್ಲಿ ಬರುತ್ತಿದ್ದೆ. ಇಂಗ್ಲಿಷ್ ಪ್ರಬಂಧ ಎಂದರೆ ಗೈಡಿನಲ್ಲಿದ್ದದ್ದನ್ನು ಉರು ಹೊಡೆದು ಬರೆಯುವುದು. ನಡುವೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಹೋದಂತೆಯೇ.

ನಮ್ಮ ಇಂಗ್ಲಿಷ್ ಮೇಡಂ ಮೊದಲ ವಾರವೇ ಹೇಳಿದರು: "ಗೈಡ್ ಮುಚ್ಚಿಡಿ. ರಜದಲ್ಲಿ ಮನೇಲಿ ಏನು ಕೆಲಸ ಮಾಡಿದ್ರೋ ಅದನ್ನೇ ಹತ್ತು ಸಾಲು ಬರ್ಕೊಂಡು ಬನ್ನಿ."

ನಾನು ಮಾಡಿದ್ದು ಆಲೂಗೆಡ್ಡೆ ಬಿತ್ತನೆ. ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಬರುತ್ತದಲ್ವಾ, ಅಪ್ಪ ಅದನ್ನು ತಂದು ಹರಡುತ್ತಿದ್ದರು. ಮೊಳಕೆ ಬಂದ ಮೇಲೆ ಅವ್ವ, ನಾನು ಕೂತು ಕತ್ತರಿಸುತ್ತಿದ್ದೆವು. ಅದನ್ನೇ ಬರೆದೆ. ಗೆಡ್ಡೆಯಲ್ಲಿ ಮೊಳಕೆ ಒಡೆಯುವ ಜಾಗಕ್ಕೆ ನಾವು 'ಕಣ್ಣು' ಅನ್ನುತ್ತೇವೆ. ಅದಕ್ಕೆ ಇಂಗ್ಲಿಷಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ. ಹೆದರಿಕೊಂಡೇ 'ಐ' ಎಂದು ಬರೆದೆ. ಮೇಡಂ ಅದರ ಕೆಳಗೆ ಗೆರೆ ಎಳೆದು, "ಇಂಗ್ಲಿಷಲ್ಲೂ ಕಣ್ಣೇ ಕಣಮ್ಮ" ಅಂದರು. ಆ ಭಾಷೆ ನನಗೆ ಮೊದಲ ಸಲ ಹತ್ತಿರ ಅನ್ನಿಸಿದ್ದು ಆವತ್ತು.

ತಪ್ಪುಗಳು ಮಾತ್ರ ಪುಟದ ತುಂಬಾ ಇದ್ದವು. ಮೇಡಂ ಎಲ್ಲವನ್ನೂ ತಿದ್ದುತ್ತಿರಲಿಲ್ಲ. ವಾರಕ್ಕೆ ಒಂದೇ ಥರದ ತಪ್ಪು ಹಿಡಿಯುತ್ತಿದ್ದರು. ಒಂದು ವಾರ 'ಎ', 'ದಿ'. ನಮ್ಮಲ್ಲಿ ಅವಿಲ್ಲ, ಹಾಗಾಗಿ ಎಲ್ಲೆಲ್ಲೋ ಬಿಟ್ಟಿದ್ದೆವು. "ಅಜ್ಜಿ ಕತೆ ಹೇಗೆ ಶುರು ಮಾಡ್ತಾರೆ? ಒಂದೂರಲ್ಲಿ ಒಬ್ಬ ರಾಜ. ಆ ರಾಜನಿಗೆ ಮೂರು ಜನ ಮಕ್ಕಳು. ಆ 'ಒಬ್ಬ' ಇದ್ದ ಕಡೆ 'ಎ', 'ಆ' ಇದ್ದ ಕಡೆ 'ದಿ'" ಎಂದರು. ಎಲ್ಲ ಕಡೆಗೂ ಇದು ಸಾಲದು, ನಿಜ. ಆದರೆ ನಮ್ಮ ಅರ್ಧ ತಪ್ಪು ಅಲ್ಲೇ ಹೋಯಿತು.

ಇನ್ನೊಂದು ವಾರ ಉದ್ದ ವಾಕ್ಯಗಳು. ಗೆಡ್ಡೆ ತಂದು, ಹರಡಿ, ಕತ್ತರಿಸಿ, ಹೊಲಕ್ಕೆ ಹೊತ್ತು, ಬಿತ್ತಿದೆವು. ಕನ್ನಡದಲ್ಲಿ ಕೊನೆಯ ಒಂದು ಕ್ರಿಯಾಪದ ಇಷ್ಟನ್ನೂ ಹೊರುತ್ತದೆ. ನಾನು ಅದನ್ನೇ 'ಆ್ಯಂಡ್' ಹಾಕಿ ಹಾಕಿ ಅರ್ಧ ಪುಟ ಎಳೆದಿದ್ದೆ. "ಗೆಡ್ಡೆ ಹೇಗೆ ಕತ್ತರಿಸ್ತೀಯಾ?" ಎಂದು ಕೇಳಿದರು. ಪ್ರತಿ ತುಂಡಲ್ಲೂ ಕಣ್ಣಿರೋ ಹಾಗೆ, ಅಂದೆ. "ವಾಕ್ಯಾನೂ ಹಾಗೇ ಕತ್ತರಿಸು. ಪ್ರತಿ ತುಂಡಲ್ಲೂ ಒಂದು ಕ್ರಿಯಾಪದ ಇರಲಿ."

ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ರಾಜಾ ರಾವ್ 1908ರಲ್ಲಿ ಹಾಸನದಲ್ಲೇ ಹುಟ್ಟಿದವರು, ಅವರ ಮನೆಮಾತು ಕನ್ನಡ ಎಂದೂ ಮೇಡಂ ಅವರೇ ಹೇಳಿದ್ದು. ಲೈಬ್ರರಿಯಲ್ಲಿ ರಾಜಾ ರಾವ್ ಅವರ 'ಕಾಂತಾಪುರ' ತೆಗೆದುಕೊಂಡೆ. 1938ರ ಇಂಗ್ಲಿಷ್ ಕಾದಂಬರಿ. ಪೂರ್ತಿ ಅರ್ಥವಾಗಲಿಲ್ಲ. ತಮ್ಮದಲ್ಲದ ಭಾಷೆಯಲ್ಲಿ ತಮ್ಮ ಜೀವದ ಮಾತು ಹೇಳುವುದು ಎಷ್ಟು ಕಷ್ಟ ಎಂದು ಅವರು ಮುನ್ನುಡಿಯಲ್ಲೇ ಬರೆದಿದ್ದಾರೆ. ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಬಿತ್ತನೆಯ ಆ ಪುಟವನ್ನು ನಾಲ್ಕು ಸಲ ಬರೆದಿದ್ದೆ. ನಾಲ್ಕನೆಯದನ್ನು ಒಂದು ಸಂಜೆ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಕೊನೇವರೆಗೂ ಕೇಳಿ, "ಅಂಗಮಾರಿಗೆ ಔಷಧಿ ಹೊಡೆದದ್ದು ಬರೀಲೇ ಇಲ್ವಲ್ಲ ಮಗಾ" ಎಂದರು. ಮೋಡ ಮುಸುಕಿ ಜಡಿಮಳೆ ಹಿಡಿದರೆ ಆ ರೋಗ ಕೆಲವೇ ದಿನದಲ್ಲಿ ಹೊಲವನ್ನೇ ಸುಟ್ಟಂತೆ ಮಾಡುತ್ತದೆ. ಮಾರನೇ ದಿನ ಲೈಬ್ರರಿಯ ನಿಘಂಟಿನಲ್ಲಿ 'ಬ್ಲೈಟ್' ಎಂಬ ಪದ ಹುಡುಕಿಕೊಂಡೆ. ಐದನೇ ಸಲ ಬರೆಯಲು ಕೂತೆ.