ಕೆರೀತ್ ಹಳ್ಳ ಬತ್ತಿದ ಮೇಲೆ

ಡಿಸೆಂಬರ್ 2, 2024, ಸೋಮವಾರ ರಾತ್ರಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಫೆಂಗಲ್ ಚಂಡಮಾರುತದ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿಲ್ಲ. ನಮ್ಮ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದು ಸೊಪ್ಪಿಗೆ ಕಾದು ಕೂತಿವೆ. ರೇಷ್ಮೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಹುಳು ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ 100ಕ್ಕೆ 80 ಪಾಲಿಗೂ ಹೆಚ್ಚನ್ನು ಈ ಕೊನೆಯ ಹಂತದಲ್ಲೇ ತಿನ್ನುತ್ತದೆ. ಒದ್ದೆ ಸೊಪ್ಪು ಹಾಕುವಂತಿಲ್ಲ, ಹಾಕದೆ ಇರುವಂತೆಯೂ ಇಲ್ಲ. ಮೇಲೆ ಈ ಥಂಡಿ. ಥಂಡಿಯೂ ತೇವವೂ ಸೇರಿದರೆ ಸುಣ್ಣಕಟ್ಟು ರೋಗ ಬಂದೇ ಬರುತ್ತದೆ. ಬಂದಿದೆ.

ನಿನ್ನೆ ಅಡ್ವೆಂಟ್, ಅಂದರೆ ಕ್ರಿಸ್ತ ಜಯಂತಿಗೆ ಸಿದ್ಧವಾಗುವ ಕಾಲದ ಮೊದಲನೇ ಭಾನುವಾರ. ಇಲ್ಲಿಂದ ಕ್ರಿಸ್‌ಮಸ್‌ವರೆಗೆ ನಮ್ಮ ಸಭೆಯ (ಚರ್ಚಿನ) ಕೆಲಸಕ್ಕೆ ಕೊನೆಯಿಲ್ಲ. ಕ್ಯಾರಲ್ಸ್ ಯಾವ ಬೀದಿಗೆ ಯಾವತ್ತು, ಸಂಡೇ ಸ್ಕೂಲ್ ಮಕ್ಕಳ ನಾಟಕಕ್ಕೆ ಕಂಬಳಿ ಯಾರ ಮನೆಯಿಂದ, ವಿಧವೆಯರಿಗೆ ಅಕ್ಕಿ-ಸೀರೆ ಕೊಡುವ ಪಟ್ಟಿ. ಪಟ್ಟಿಯೂ ಅದರ ಲೆಕ್ಕವೂ ನನ್ನ ಕೈಯಲ್ಲಿದೆ. ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಮಾಯುತ್ತಿಲ್ಲ. ಡ್ರೆಸ್ಸಿಂಗ್ ಮಾಡಿಸಲು ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆಗೆ ಓಡಾಟ. ಲಂಡನ್ ಮಿಷನ್ನವರ ಕಾಲದ ಆಸ್ಪತ್ರೆ ಅದು, ಅತ್ತೆಗೆ ಅಲ್ಲೇ ಸಮಾಧಾನ.

ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತು. ಸೋರುವ ಚಾವಣಿ ಮೊದಲೋ ಹೊಸ ಸ್ಪೀಕರ್ ಮೊದಲೋ ಎಂದು ದನಿಗಳು ಏರಿದವು. ಅದನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಹೊರಗೆ ಚಪ್ಪಲಿ ಮೆಟ್ಟುವಾಗ ಹಿರಿಯರೊಬ್ಬರು ಹತ್ತಿರ ಬಂದು, "ಇಷ್ಟು ಸೇವೆ ಮಾಡ್ತೀಯಮ್ಮ, ಆದ್ರೂ ನಿಮ್ಮನೆಗೇ ಒಂದಾದ ಮೇಲೊಂದು ಬರ್ತಿದೆ. ಎಲ್ಲಾದ್ರೂ ಲೋಪ ಇದ್ಯಾ ಅಂತ ದೇವರ ಮುಂದೆ ಕೂತು ಪರೀಕ್ಷೆ ಮಾಡ್ಕೋ" ಅಂದರು. ಪ್ರೀತಿಯಿಂದಲೇ ಹೇಳಿದರು. ಆದರೂ ಆ ಮಾತು ಮನೆಯವರೆಗೂ ನನ್ನ ಜೊತೆ ಬಂತು.

ಸಭೆಗಳಲ್ಲಿ ಈ ಮಾತು ಬಹಳ ಓಡಾಡುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಬೈಬಲಿನಲ್ಲಿ ಯೋಬನ ಸ್ನೇಹಿತರು ಬೂದಿಯಲ್ಲಿ ಕೂತವನಿಗೆ ಹೇಳಿದ್ದು ಇದನ್ನೇ, ಕೊನೆಗೆ ದೇವರು ಗದರಿಸಿದ್ದು ಆ ಸ್ನೇಹಿತರನ್ನು. ಸೇವೆ ಮಾಡಿದವರ ಮನೆಗೆ ಕಷ್ಟ ಬರಬಾರದು ಎಂದು ದೇವರು ಎಲ್ಲಿಯೂ ಬರೆದುಕೊಟ್ಟಿಲ್ಲ. ಹಾಗೆ ಬರೆದುಕೊಟ್ಟಿದ್ದರೆ ನಾವು ಅವನನ್ನು ನಂಬುತ್ತಿರಲಿಲ್ಲ, ಕೂಲಿ ಲೆಕ್ಕ ಹಾಕುತ್ತಿದ್ದೆವು.

ನಿನ್ನೆ ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ಪಾಠ ಬೈಬಲಿನ 1 ಅರಸುಗಳು 17ನೇ ಅಧ್ಯಾಯ. ಪ್ರವಾದಿ ಎಲೀಯ ದೇವರ ಮಾತಿನಂತೆ ಕೆರೀತ್ ಹಳ್ಳದ ಬಳಿ ಹೋಗಿ ಇದ್ದದ್ದು, ಕಾಗೆಗಳು ರೊಟ್ಟಿ ಮಾಂಸ ತಂದುಕೊಟ್ಟದ್ದು. ಕಾಗೆ ಎಂದರೆ ಮಕ್ಕಳಿಗೆ ಖುಷಿ, ಎಲ್ಲರೂ ಕಾ ಕಾ ಎಂದರು. ಮುಂದೆ ಹಳ್ಳ ಬತ್ತಿತು ಎಂದಾಗ ಹಿಂದಿನ ಸಾಲಿನ ಹುಡುಗ ಎದ್ದು, "ಅಕ್ಕಾ, ಅಲ್ಲಿಗೆ ಹೋಗು ಅಂದಿದ್ದು ದೇವ್ರೇ ಅಲ್ವಾ? ಮತ್ತೆ ಹಳ್ಳ ಯಾಕೆ ಬತ್ತೋಯ್ತು?" ಅಂದ.

ಇದು ನಮ್ಮ ಜಿಲ್ಲೆಯ ಮಗು ಕೇಳಬೇಕಾದ ಪ್ರಶ್ನೆಯೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲ ಹುಟ್ಟುವುದು ನಂದಿಯ ಸುತ್ತಿನ ಬೆಟ್ಟಗಳಲ್ಲಿ. ಆದರೆ ವರ್ಷಪೂರ್ತಿ ಹರಿಯುವ ನದಿ ನಮಗೆ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಕಂದವಾರ ಕೆರೆಗೆ ಹರಿಸಬೇಕಾಗಿ ಬಂತು. ಒಣ ಹಳ್ಳ ಹೇಗಿರುತ್ತದೆ ಎಂದು ಆ ಹುಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಧ್ಯಾಯವನ್ನು ಮತ್ತೆ ತೆಗೆದು ಅವನಿಗೆ ಓದಿಸಿದೆ. ದೇಶದಲ್ಲಿ ಮಳೆ ಬೀಳದೆ ಹೋದದ್ದರಿಂದ ಹಳ್ಳ ಬತ್ತಿತು ಎಂದಷ್ಟೇ ಇದೆ. ಎಲೀಯ ತಪ್ಪು ಮಾಡಿದ ಎಂದಿಲ್ಲ, ಅವನ ಪ್ರಾರ್ಥನೆ ಸಾಲಲಿಲ್ಲ ಎಂದೂ ಇಲ್ಲ. ಆ ಬರವನ್ನು ಅರಸನ ಮುಂದೆ ನಿಂತು ಸಾರಿದವನೇ ಅವನು. ಪ್ರವಾದಿಯ ಹಳ್ಳ ಎಂದು ಅದರ ಮೇಲೆ ಬೇರೆ ಮಳೆ ಬೀಳಲಿಲ್ಲ. ದೇವರು ಹಳ್ಳವನ್ನು ತುಂಬಿಸಿಕೊಡಲೂ ಇಲ್ಲ, ಎದ್ದು ಚಾರೆಪ್ತ ಊರಿಗೆ ಹೋಗು ಎಂದ. ಅಲ್ಲಿ ಅವನಿಗೆ ಅನ್ನ ಹಾಕಬೇಕಾದವಳು ಸಾಹುಕಾರಳಲ್ಲ, ಒಂದು ಹಿಡಿ ಹಿಟ್ಟು ಉಳಿದಿದ್ದ ವಿಧವೆ. ಇಸ್ರಾಯೇಲ್ಯಳೂ ಅಲ್ಲ. ಹುಡುಗ ತಲೆಯಾಡಿಸಿ ಕೂತ. ನನಗೆ ಮಾತ್ರ ಪಾಠ ಅಲ್ಲಿಗೆ ಮುಗಿಯಲಿಲ್ಲ.

ನಿನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮ ಸಭೆಯ ಅಜ್ಜಿಯೊಬ್ಬರು ಗೋಣಿಚೀಲದ ಕೊಪ್ಪೆ ಹೊದ್ದು ಬಂದರು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕಡೆ ಕೂಲಿಗೆ ಹೋಗುತ್ತಾರೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬಿಳುಚಿ ಬಿರಿದಿವೆ. ಬಂದವರು ಏನೂ ಕೇಳಲಿಲ್ಲ, ಹುಳುಮನೆಗೆ ನಡೆದು ಕಡ್ಡಿ ತೆಗೆದುಕೊಂಡು ಕೂತರು. ಸುಣ್ಣ ಹಿಡಿದ ಹುಳು ಮೊದಲು ಮೆತ್ತಗಾಗಿ ಸಾಯುತ್ತದೆ, ಆಮೇಲೆ ಸೆಟೆದುಕೊಂಡು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗಾಗುತ್ತದೆ. ಹಾಗೆ ಬೆಳ್ಳಗಾಗುವ ಮೊದಲೇ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಆ ಬಿಳಿ ಧೂಳು ಹಾರಿ ಚೆನ್ನಾಗಿರುವ ಹುಳುವಿಗೂ ತಗಲುತ್ತದೆ. ಟಾರ್ಚ್ ನಾನು ಹಿಡಿದೆ. ನನ್ನ ಕಣ್ಣಿಗೆ ಕಾಣದ್ದು ಅವರ ಕಣ್ಣಿಗೆ ಕಾಣುತ್ತಿತ್ತು.

ಹೊರಡುವಾಗ ಸೆರಗಿನ ಗಂಟು ಬಿಚ್ಚಿ ಮಡಿಸಿದ ನೋಟುಗಳನ್ನು ನನ್ನ ಅಂಗೈಯಲ್ಲಿಟ್ಟರು. "ನಾಳೆ ಸುಣ್ಣಕಟ್ಟಿನ ಪೌಡರ್ ತಂದು ಹಾಕಿಸು." ಅಜ್ಜಿಯ ಹೆಸರು ನನ್ನ ಪಟ್ಟಿಯಲ್ಲಿದೆ. ಕ್ರಿಸ್‌ಮಸ್ಸಿಗೆ ಸಭೆ ಅಕ್ಕಿ ಕೊಡುವುದು ಇವರಿಗೆ, ಆ ಅಕ್ಕಿಯನ್ನು ಮನೆಗೆ ಮುಟ್ಟಿಸುವವಳು ನಾನು. ಬೇಡ ಅಜ್ಜಿ ಎಂದೆ. "ಹುಳಕ್ಕೆ ಕೊಡ್ತಿರೋದು ಕಣಮ್ಮಾ, ನಿಂಗಲ್ಲ. ಗೂಡು ಬಂದ್ರೆ ತಾನೇ ನಂಗೂ ಕೆಲ್ಸ" ಎಂದರು. ತೆಗೆದುಕೊಂಡೆ.

ಕೊಡುವುದು ನಮ್ಮಂಥವರಿಗೆ ರೂಢಿಯಾಗಿಬಿಟ್ಟಿದೆ. ಕೈಯಲ್ಲಿ ಪಟ್ಟಿ ಇರುತ್ತದೆ, ಬಾಯಲ್ಲಿ ಪ್ರಾರ್ಥನೆ ಇರುತ್ತದೆ, ನಾವು ನಿಂತಿರುತ್ತೇವೆ, ಎದುರಿನವರು ಕೈಚಾಚುತ್ತಾರೆ. ಎಲೀಯ ಆ ಹೆಂಗಸನ್ನು ಮೊದಲು ನನಗೊಂದು ರೊಟ್ಟಿ ಮಾಡಿಕೊಡು ಎಂದು ಹೇಗೆ ಕೇಳಿದನೋ! ಅದು ಅವಳಿಗೂ ಅವಳ ಮಗನಿಗೂ ಕಡೆಯ ಊಟ ಎಂದು ಅವಳ ಬಾಯಿಂದಲೇ ಕೇಳಿಸಿಕೊಂಡ ಮೇಲೂ ಕೇಳಿದ. ಅವಳ ನಂಬಿಕೆಯ ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ (ಉಪದೇಶ) ಕೇಳಿದ್ದೇನೆ. ಕೇಳಿ ತಿಂದವನ ನಂಬಿಕೆಯೂ ಅಷ್ಟೇ ದೊಡ್ಡದು ಅಂತ ನಿನ್ನೆ ರಾತ್ರಿ ನನಗೆ ಅನ್ನಿಸಿತು. ದೇವರು ಕೊಡುತ್ತಾನೆ ಎಂದು ನಂಬಿದವರು, ಅವನು ಯಾರ ಕೈಯಿಂದ ಕೊಟ್ಟರೂ ತೆಗೆದುಕೊಳ್ಳಬೇಕಲ್ಲ.

ಇವತ್ತು ಪೌಡರ್ ತಂದು ಧೂಳೀಕರಿಸಿದ್ದಾಯಿತು. ನಮ್ಮ ಯಜಮಾನರು ಬೆಳಿಗ್ಗೆಯಿಂದ ಸೊಪ್ಪು ಕೊಯ್ದು, ಒದರಿ, ನಡುಮನೆಯಲ್ಲಿ ಟಾರ್ಪಾಲ್ ಹಾಸಿ ಫ್ಯಾನ್ ಕೆಳಗೆ ಆರಲು ಹರಡುತ್ತಿದ್ದಾರೆ. ಕಾಲಿಡಲು ಜಾಗವಿಲ್ಲ. ಹಿಂದಿನ ಬೀದಿಯ, ನೂಲು ಬಿಚ್ಚಿಸುವ ರೀಲರ್ ಭಾಯಿ ಕೇಳುವ ಮೊದಲೇ ಹೀಟರ್ ಕಳಿಸಿದರು. ಸಂಜೆ ಆರಿಸಿದಾಗಲೂ ಸತ್ತ ಹುಳು ಸಿಕ್ಕವು. ಬೆಳೆ ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದೆ ಹೋದರೆ ಸಂಘದ ಸಾಲದ ಕಂತು ನಿಲ್ಲುತ್ತದೆ, ಅದೂ ದೇವರಿಗೆ ಗೊತ್ತು. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಬೆಳೆ ಉಳಿಸಪ್ಪಾ ಎಂದು ಬಾಯಿಬಿಟ್ಟು ಕೇಳಿದೆವು. ಹುಳುವಿಗಾಗಿ ಪ್ರಾರ್ಥನೆ ಮಾಡುವುದು ನನಗೆ ಸಣ್ಣದು ಅನ್ನಿಸುವುದಿಲ್ಲ. ಇದನ್ನು ಓದಿದವರು ಅತ್ತೆಯ ಕಾಲಿಗಾಗಿ, ಈ ಮಳೆಯಲ್ಲಿ ಹುಳು ಮೇಯಿಸುತ್ತಿರುವ ಎಲ್ಲ ಮನೆಗಳಿಗಾಗಿ ಪ್ರಾರ್ಥಿಸಿ.

ಶನಿವಾರ ಸಂಜೆ ಕ್ಯಾರಲ್ಸ್ ಪ್ರಾಕ್ಟೀಸ್ ಇದೆ. ಅಷ್ಟರಲ್ಲಿ ಹುಳು ಹಣ್ಣಾದರೆ ಗೂಡು ಕಟ್ಟಲು ಅವನ್ನು ಚಂದ್ರಿಕೆ ಎಂಬ ತಟ್ಟಿಗೆ ಬಿಡಬೇಕು, ನನಗೆ ಬರಲು ಆಗುವುದಿಲ್ಲ ಎಂದು ಸಭೆಯ ಪಾಸ್ಟರ್ ಅಯ್ಯನವರಿಗೆ ಫೋನ್ ಮಾಡಿ ಹೇಳಿದೆ. "ಹಂಗಾದ್ರೆ ಹಾಡೋ ಹುಡುಗರನ್ನೇ ಅಲ್ಲಿಗೆ ಕರ್ಕೊಂಡು ಬರ್ತೀನಮ್ಮ, ಚಂದ್ರಿಕೆಗೆ ಹುಳ ಬಿಡೋಕೆ ಜನ ಬೇಕಲ್ವಾ" ಅಂದರು. ಬನ್ನಿ ಅಯ್ಯಾ ಎಂದೆ.